ಇಳಿದ ಸೂಜಿ ಮೇಲೆ ಬರುವಷ್ಟರಲ್ಲಿ

ಅವಳನ್ನು ಮೊದಲ ಸಲ ನೋಡಿದ ದಿನ ಸೂಜಮ್ಮನಿಗೆ ಅನಿಸಿದ್ದು ಒಂದೇ ಮಾತು: ಈ ಹೆಂಗಸು ಮಹಾ ಪುಕ್ಕಲಿ.

ಮಧ್ಯಾಹ್ನ ಮೂರು ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಲಾಂಡ್ರಿಯ ಹಿಂದಿನ ಬಯಲಿನಲ್ಲಿ ಹನ್ನೆರಡು ಸಾಲು ತಂತಿ. ಒಂದೊಂದು ಸಾಲೂ ಅರವತ್ತು ಹೆಜ್ಜೆ ಉದ್ದ, ಎರಡು ತುದಿಗೂ ಕಬ್ಬಿಣದ ಕಂಬ. ಆಸ್ಪತ್ರೆಯ ಬಿಳಿ ಬೆಡ್‌ಶೀಟುಗಳು ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದವು. ಇದ್ದಕ್ಕಿದ್ದಂತೆ ಪಡುವಣ ದಿಕ್ಕು ಕಪ್ಪಿಟ್ಟಿತು. "ಮಳೆ ಬಂತು, ಮಳೆ!" ಎಂದು ಯಾರೋ ಕೂಗಿದರು. ಕೂಗಿದ್ದೇ ತಡ, ತೊಟ್ಟಿಯ ಬಳಿ ಇದ್ದವರು, ಶೀಟು ಮಡಿಸುವ ಮೇಜಿನ ಬಳಿ ಇದ್ದವರು, ಊಟದ ಡಬ್ಬಿ ತೊಳೆಯುತ್ತಿದ್ದವರು, ಎಲ್ಲರೂ ಬಯಲಿಗೆ ಓಡಿದರು. ಮೋಡ ಕಂಡರೆ ಬೇರೆ ಜನ ಒಳಗೆ ಓಡುತ್ತಾರೆ, ಲಾಂಡ್ರಿಯ ಜನ ಹೊರಗೆ ಓಡುತ್ತಾರೆ. ಅದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಶೀಟು ನೆನೆಯಿತು ಅಂದರೆ ಮತ್ತೆ ಒಗೆಯಬೇಕು, ಮತ್ತೆ ಹಿಂಡಬೇಕು, ಮತ್ತೆ ಹರವಬೇಕು. ಅಷ್ಟರಲ್ಲಿ ಆಸ್ಪತ್ರೆಯ ವ್ಯಾನು ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತಿರುತ್ತದೆ.

ಮೋಡದಲ್ಲಿ ಒಮ್ಮೆ ಮಿಂಚಿತು. ಆ ಓಟದ ನಡುವೆ ಒಬ್ಬಳು ಮಾತ್ರ ಎದುರು ದಿಕ್ಕಿಗೆ ಓಡಿಬಂದಳು. ಬೆಳಿಗ್ಗೆಯಷ್ಟೇ ತಂತಿಯ ಕೆಲಸಕ್ಕೆ ಸೇರಿದ ಹೊಸಬಳು, ಐವತ್ತರ ಮೇಲಿನ ಹೆಂಗಸು. ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡಿದ್ದಳು. ಸೂಜಮ್ಮನ ಕೋಣೆಯ ಹೊಸ್ತಿಲು ದಾಟಿ, ಕ್ಲಿಪ್ಪನ್ನು ಅಂಗೈಗೆ ಉಗುಳಿ, ಗೋಡೆಗೆ ಒರಗದೆ ಕೋಣೆಯ ನಡುವೆ ನಿಂತು, "ಹದಿನೇಳು, ಹದಿನೆಂಟು, ಹತ್ತೊಂಬತ್ತು" ಎಂದು ಎಣಿಸಿದಳು. ಇಪ್ಪತ್ತೊಂದಕ್ಕೆ ಗುಡುಗು ಕೇಳಿತು.

"ಏಳು ಕಿಲೋಮೀಟರು," ಅಂದಳು. "ಇನ್ನೂ ಹತ್ರ ಬರುತ್ತೆ. ಅವರನ್ನ ಕರೀರಿ."

"ಯಾರನ್ನ?"

"ಎಲ್ಲರನ್ನೂ! ಕೈಯಲ್ಲಿ ತಂತಿ ಹಿಡ್ಕೊಂಡು ನಿಂತಿದಾರಲ್ಲ, ಅವರನ್ನ!"

ಸೂಜಮ್ಮ ಆಗ ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿಯೇ ತಲೆ ಎತ್ತಿದಳು. ಗಂಡ ತೀರಿಕೊಂಡ ಮರುತಿಂಗಳು ಆ ಕೋಣೆಗೆ ಬಂದು ಕೂತವಳು ಅವಳು. ಹತ್ತೊಂಬತ್ತು ವರ್ಷದಿಂದ ಹರಿದ ಶೀಟಿಗೆ ತೇಪೆ ಹಾಕುತ್ತಿದ್ದಳು, ಅಂಚಿನಲ್ಲಿ ಕೆಂಪು ದಾರದಿಂದ ವಾರ್ಡಿನ ಅಂಕಿ ಹೊಲಿಯುತ್ತಿದ್ದಳು. ಓದುಬರಹವೆಂದರೆ ಅವಳಿಗೆ ಆ ಅಂಕಿಗಳು, ಮೇಲಿಷ್ಟು ಅಕ್ಷರ, ಅಷ್ಟೇ.

"ಅವರನ್ನ ಕರೆದ್ರೆ ಶೀಟು ಯಾರು ತೆಗೀತಾರೆ?" ಎಂದು ಕೇಳಿದಳು.

ಹೊಸಬಳು ಅವಳನ್ನು ಒಮ್ಮೆ ನೋಡಿದಳು, ಬಯಲನ್ನು ಒಮ್ಮೆ ನೋಡಿದಳು. ಬಯಲಿನಲ್ಲಿ ಎಲ್ಲರಿಗಿಂತ ಮುಂದೆ ಕೈ ಆಡಿಸುತ್ತಿದ್ದವಳು ಸೂಜಮ್ಮನ ಸೊಸೆ. ತಂತಿಯಿಂದ ಶೀಟು ಎಳೆಯುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಅತ್ತೆಗೆ ಅದೊಂದು ಒಳಗೊಳಗಿನ ಹೆಮ್ಮೆ.

ಶೀಟು ತೆಗೆದಾದ ಮೇಲೆ ಎಲ್ಲರೂ ಬಯಲಿನ ಅಂಚಿನ ತಗಡಿನ ಚಪ್ಪರದ ಕೆಳಗೆ ಹೋಗಿ ಗುಂಪಾಗಿ ನಿಂತರು. ಅದೂ ಹಳೆಯ ರೂಢಿಯೇ. ನಾಲ್ಕು ಕಬ್ಬಿಣದ ಕಂಬ, ಮೇಲೆ ತಗಡು, ಸುತ್ತ ಗೋಡೆಯೇ ಇಲ್ಲ. ಮಳೆ ನಿಂತ ಮೇಲೆ ಇಸ್ತ್ರಿಯಣ್ಣ ತಲೆ ಒರೆಸಿಕೊಳ್ಳುತ್ತಾ ಒಳಗೆ ಬಂದ. ಲಾಂಡ್ರಿಯಲ್ಲಿ ಇಸ್ತ್ರಿ ಅವನದು, ಬಾಯಿಯೂ ಅವನದೇ.

"ಏನಕ್ಕಾ, ನಾವೆಲ್ಲ ನೆನೀತಿದ್ರೆ ನೀನಿಲ್ಲಿ ಲೆಕ್ಕ ಕಲೀತಿದ್ಯಂತೆ! ಎಷ್ಟರ ತನಕ ಬರುತ್ತೆ?"

"ಮೂವತ್ತರ ತನಕ," ಅಂದಳು ಅವಳು. "ಜೀವ ಉಳಿಸ್ಕೊಳ್ಳೋಕೆ ಅಷ್ಟು ಸಾಕು."

ಅವತ್ತಿನಿಂದ ಅವಳ ಹೆಸರು ಮೂವತ್ತಕ್ಕ ಆಯಿತು. ಕರೆದವರು ಗೇಲಿಗೆ ಕರೆದರು, ಅವಳು ಓಗೊಟ್ಟಿದ್ದು ಮಾತ್ರ ಗೌರವಕ್ಕೆ ಓಗೊಟ್ಟ ಹಾಗೆ.

ಯಜಮಾನರು ಅವಳನ್ನು ಅವತ್ತೇ ಕಳಿಸಿಬಿಡುತ್ತಿದ್ದರು. ಆದರೆ ಬಿಸಿಲು ಇರುವ ದಿನ ಅವಳು ಇಬ್ಬರ ಕೆಲಸ ಮಾಡುತ್ತಿದ್ದಳು. ಅದನ್ನು ನೋಡಿ ಸುಮ್ಮನಾದರು.

ಒಂದು ವಾರ ಕಳೆದ ಮೇಲೆ, ಊಟದ ಹೊತ್ತಿಗೆ, ಮೂವತ್ತಕ್ಕ ಡಬ್ಬಿ ಹಿಡಿದುಕೊಂಡು ಸೂಜಮ್ಮನ ಕೋಣೆಗೆ ಬಂದಳು. ಕೇಳದೆಯೇ ಹೇಳಿದಳು. ಮೊದಲು ಅವಳು ಒಂದು ಶಾಲೆಯಲ್ಲಿ ಆಯಾ ಆಗಿದ್ದಳು. ಮಿಂಚು ಕಂಡರೆ ಸೀಟಿ ಊದಿ, ಮೈದಾನದ ಮಕ್ಕಳನ್ನು ಒಳಗೆ ಕರೆದು, ತಲೆ ಎಣಿಸುವುದು ಅವಳ ಕೆಲಸ. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಎಲ್ಲರೂ ಒಳಗೆ ಇರಬೇಕು, ಕೊನೆಯ ಗುಡುಗು ಕೇಳಿದ ಮೇಲೆ ಮೂವತ್ತು ನಿಮಿಷ ಯಾರೂ ಹೊರಗೆ ಕಾಲಿಡಬಾರದು ಎಂದು ಶಾಲೆಯವರು ಅವಳಿಗೆ ಕಲಿಸಿದ್ದರು.

"ಒಂದಿನ ನಲವತ್ತೊಂದು ತಲೆ ಎಣಿಸ್ದೆ," ಅಂದಳು. "ನಲವತ್ತೆರಡು ಇರಬೇಕಿತ್ತು. ಮತ್ತೆ ಎಣಿಸೋಣ ಅಂತ ಶುರು ಮಾಡ್ದೆ. ಅಷ್ಟರಲ್ಲಿ..."

ಸೂಜಮ್ಮ ಸೂಜಿ ಕೆಳಗಿಟ್ಟಳು.

"ಆ ಹುಡುಗಿ ಮರದ ಕೆಳಗೆ ನಿಂತಿದ್ಲು. ಮಳೇಲಿ ನೆನೀಬಾರ್ದು ಅಂತ. ನಾನು ಓಡಿಹೋದೆ. ಮುಟ್ಟಬೇಡ, ಮೈಯಲ್ಲಿ ಕರೆಂಟ್ ಇರುತ್ತೆ ಅಂತ ಕೂಗಿದ್ರು. ಸುಳ್ಳು ಸೂಜಮ್ಮ. ಸಿಡಿಲು ಹೊಡೆದೋರ ಮೈಯಲ್ಲಿ ಏನೂ ಉಳಿದಿರಲ್ಲ. ಉಸಿರಿರಲಿಲ್ಲ, ಎದೆ ಒತ್ತಿದೆ. ಒತ್ತಿದೆ, ಒತ್ತಿದೆ. ಬದುಕಿದ್ಲು. ಮದುವೆನೂ ಆಯ್ತು. ಆದ್ರೆ ಬಲಗೈ ಭುಜದ ಮೇಲಕ್ಕೆ ಏಳಲ್ಲ." ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಬಯಲನ್ನು ನೋಡಿದಳು. "ಇಲ್ಲಿ ಇಪ್ಪತ್ಮೂರು ಜನ. ಮೋಡ ಕಂಡ ಕೂಡ್ಲೆ ಓಡಿಹೋಗಿ ತಂತಿ ಹಿಡ್ಕೊತಾರೆ. ಆಮೇಲೆ ತಗಡಿನ ಕೆಳಗೆ ನಿಂತ್ಕೊತಾರೆ. ನಿಮ್ಮ ಸೊಸೆ ಎಲ್ಲರಿಗಿಂತ ಮುಂದೆ."

ಸೂಜಮ್ಮ ಆ ಮಧ್ಯಾಹ್ನ ತನ್ನ ಡಬ್ಬಿ ತೆರೆಯಲೇ ಇಲ್ಲ.

ಮರುದಿನ ದೂರದಲ್ಲಿ ಮಿಂಚಿತು. ಮೂವತ್ತಕ್ಕ ಕೋಣೆಗೆ ಓಡಿಬಂದು ಎಣಿಸಲು ತೊಡಗಿದಳು. ಓಡಿದ ರಭಸಕ್ಕೆ ಏದುಸಿರು, ಏದುಸಿರಿಗೆ ಎಣಿಕೆಯೂ ಓಡುತ್ತಿತ್ತು.

"ನಿನ್ನ ಎಣಿಕೆ ಹೆಚ್ಚುಕಡಿಮೆ ಆಗುತ್ತೆ ಅಕ್ಕಾ," ಅಂದಳು ಸೂಜಮ್ಮ. "ನನ್ನದು ಆಗಲ್ಲ."

ಅದು ಜಂಬದ ಮಾತಲ್ಲ. ಅವಳ ಕೈ ಹಾಗೆ ಪಳಗಿತ್ತು. ಗೋಡೆಯ ಗಡಿಯಾರದ ಒಂದು ಟಿಕ್‌ಗೆ ಒಂದು ಹೊಲಿಗೆ. ಗಡಿಯಾರ ನಿಂತ ದಿನವೂ ಹಾಗೆಯೇ. ಒಂದು ತುಂಡು ಬಟ್ಟೆ ತೆಗೆದುಕೊಂಡಳು. ಮಿಂಚು ಕಂಡ ಕೂಡಲೇ ಕೆಂಪು ದಾರದಲ್ಲಿ ಹೊಲಿಯಲು ಶುರು ಮಾಡಿದಳು, ಗುಡುಗು ಕೇಳಿದ ಕೂಡಲೇ ದಾರ ಕತ್ತರಿಸಿದಳು. ಮತ್ತೆ ಮಿಂಚಿದಾಗ ಅದರ ಕೆಳಗೆ ಇನ್ನೊಂದು ಸಾಲು. ನಾಲ್ಕು ಸಾಲಾದ ಮೇಲೆ ಬಟ್ಟೆಯನ್ನು ಮೊಣಕಾಲಿನ ಮೇಲೆ ಹರವಿದಳು. ಮೊದಲ ಸಾಲಿಗಿಂತ ಎರಡನೆಯದು ಉದ್ದ, ಅದಕ್ಕಿಂತ ಮೂರನೆಯದು, ಅದಕ್ಕಿಂತ ನಾಲ್ಕನೆಯದು.

"ದೂರ ಹೋಗ್ತಿದೆ," ಅಂದಳು ಮೂವತ್ತಕ್ಕ. ಬಟ್ಟೆಯ ಮೇಲೆ ಬೆರಳಾಡಿಸಿದಳು. "ಅಯ್ಯೋ ಸೂಜಮ್ಮ, ಇದು ಓದಕ್ಕೆ ಬರದೋರಿಗೂ ಓದಕ್ಕೆ ಬರುತ್ತಲ್ರೀ!"

ಸಾಲು ಗಿಡ್ಡವಾಗುತ್ತಾ ಬಂದರೆ ಸಿಡಿಲು ಹತ್ತಿರ ಬರುತ್ತಿದೆ. ಮೂವತ್ತು ಹೊಲಿಗೆಗಿಂತ ಕಡಿಮೆಯಾದರೆ ಸೀಟಿ. ಇಷ್ಟು ಮಾತಾಯಿತು ಇಬ್ಬರ ನಡುವೆ. ಸೀಟಿ ಊದಲು ಯಜಮಾನರ ಒಪ್ಪಿಗೆ ಬೇಕಲ್ಲ, ಆ ಸಂಜೆಯೇ ಇಬ್ಬರೂ ಹೋಗಿ ಕೇಳಿದರು.

ಯಜಮಾನರು ಕೆಟ್ಟವರಲ್ಲ, ಅವಸರದವರು. ತಂದೆಯ ಕೈಯಿಂದ ಲಾಂಡ್ರಿ ಬಂದ ದಿನದಿಂದ ಆಸ್ಪತ್ರೆಯ ವ್ಯಾನಿನ ಹಾರ್ನೇ ಅವರ ಎದೆಬಡಿತ. "ಮಳೆ ಬರೋ ಹೊತ್ತಿಗೆ ಕೆಲಸದೋರನ್ನ ಒಳಗೆ ಕೂರಿಸೋದಾ? ಹಾಗಾದ್ರೆ ಬಿಸಿಲು ಬಂದಾಗ ಮಲಗಿಸೋಣ!" ಎಂದು ನಕ್ಕರು.

"ಯಜಮಾನ್ರೇ," ಅಂದಳು ಸೂಜಮ್ಮ. "ನಾನು ಹತ್ತೊಂಬತ್ತು ವರ್ಷದಲ್ಲಿ ನಿಮ್ಮನ್ನ ಏನಾದ್ರೂ ಕೇಳಿದೀನಾ?"

ಅವರ ನಗು ನಿಂತಿತು. ಯೋಚಿಸಿದರು. ನಿಜವಾಗಿಯೂ ಕೇಳಿರಲಿಲ್ಲ.

"ಆಯ್ತು. ನಿಮ್ಮ ಮಾತಿಗೆ ಒಂದು ಮಳೆಗಾಲ. ಆದ್ರೆ ಕೇಳಿ. ಸೀಟಿ ಊದಿ, ಶೀಟು ನೆನೆದು, ಸಿಡಿಲೂ ಬರಲಿಲ್ಲ ಗಿಡಿಲೂ ಬರಲಿಲ್ಲ ಅಂತ ಮೂರು ಸಲ ಆದ್ರೆ, ಸೀಟಿನೂ ಹೊರಗೆ, ಸೀಟಿ ಊದಿದೋರೂ ಹೊರಗೆ. ಯಾರು ಶಿಫಾರಸು ಮಾಡಿದ್ರೋ ಅವರ ವಿಷಯ ಆಮೇಲೆ ನೋಡೋಣ."

ಸೂಜಮ್ಮ ಮನೆಗೆ ಹೋಗಿ ಹೇಳಿದಾಗ ಸೊಸೆ ಒಲೆಯ ಮುಂದಿನಿಂದ ಎದ್ದೇಬಿಟ್ಟಳು. "ಅತ್ತೇ, ನಿಮಗೇನು ಬಂತು ಈ ವಯಸ್ಸಲ್ಲಿ? ನನ್ನ ಕೆಲಸಕ್ಕೂ ಕಲ್ಲು ಹಾಕ್ತೀರಲ್ಲ! ತಗಡಿನ ಕೆಳಗೆ ಇಷ್ಟು ವರ್ಷ ನಿಂತಿದೀವಿ, ಯಾರಿಗೇನಾಗಿದೆ?"

"ಏನೂ ಆಗಿಲ್ಲ," ಅಂದಳು ಸೂಜಮ್ಮ. "ಅದಕ್ಕೇ ಈಗ್ಲೇ ಕೇಳ್ದೆ."

ಮೊದಲ ಸಲ ಸೀಟಿ ಊದಿದಾಗ ಇಪ್ಪತ್ತಾರು ಹೊಲಿಗೆ. ಜನ ಗೊಣಗುತ್ತಾ ಒಳಗೆ ಬಂದರು. ಮೂವತ್ತಕ್ಕ ಅವರನ್ನು ಶಾಲೆಯ ಮಕ್ಕಳ ಹಾಗೆ ಎರಡು ಸಾಲು ಮಾಡಿ ಕೂರಿಸಿದಳು, ತಲೆ ಎಣಿಸಿದಳು. ತೊಟ್ಟಿಯಲ್ಲಿ ಕೈ ಇಟ್ಟವರನ್ನು ಎಬ್ಬಿಸಿದಳು, ನಲ್ಲಿಯ ನೀರು ಮುಟ್ಟಬೇಡಿ, ಕೊಳವೆಯ ಮೂಲಕವೂ ಸಿಡಿಲು ಬರುತ್ತೆ ಅಂದಳು. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕೀಳಿಸಿದಳು.

"ನನಗ್ಯಾಕೆ ಈ ಕಾಟ? ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇದೆ!" ಅಂದ ಇಸ್ತ್ರಿಯಣ್ಣ.

"ಅಷ್ಟೆತ್ತರದ ಆಕಾಶನ ಸೀಳ್ಕೊಂಡು ಬರೋದು, ನಿಮ್ಮ ಅರ್ಧ ಇಂಚಿನ ಚಪ್ಪಲಿ ನೋಡಿ ಹೆದರ್ಕೊಂಡು ವಾಪಸ್ ಹೋಗುತ್ತಾ ಅಣ್ಣಾ?"

ಎಲ್ಲರೂ ನಕ್ಕರು. ಹೊರಗೆ ಮಳೆ ಸುರಿಯಿತು, ಶೀಟುಗಳೆಲ್ಲ ನೆನೆದವು, ಸಿಡಿಲು ಎಲ್ಲೂ ಬೀಳಲಿಲ್ಲ. ಸಂಜೆ ಆರರ ತನಕ ಮತ್ತೆ ಒಗೆಯಬೇಕಾಯಿತು. ಆಗ ಯಾರೂ ನಗಲಿಲ್ಲ.

ಎರಡನೆಯ ಸಲ ಇನ್ನೂ ಅವಮಾನ. ಇಪ್ಪತ್ತೆಂಟು ಹೊಲಿಗೆಗೆ ಸೀಟಿ. ಎಲ್ಲರೂ ಒಳಗೆ. ಮಳೆಯ ಒಂದು ಹನಿಯೂ ಬೀಳಲಿಲ್ಲ, ಗಾಳಿ ಮಾತ್ರ ಎದ್ದು ನಲವತ್ತು ಶೀಟುಗಳನ್ನು ಮಣ್ಣಿನಲ್ಲಿ ಹೊರಳಾಡಿಸಿತು. ಮೂವತ್ತು ನಿಮಿಷ ಜನ ಗಡಿಯಾರ ನೋಡುತ್ತಾ ಕೂತರು, ಆಸ್ಪತ್ರೆಯ ವ್ಯಾನು ಖಾಲಿ ವಾಪಸು ಹೋಯಿತು. ಯಜಮಾನರು ಬೈಯಲಿಲ್ಲ. ಎರಡು ಬೆರಳು ಎತ್ತಿ ತೋರಿಸಿ ಹೊರಟುಹೋದರು. ಸೊಸೆ ಅವತ್ತು ರಾತ್ರಿ ಅತ್ತೆಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

"ತಪ್ಪು ಮಾಡಿದ್ವಾ ಅಕ್ಕಾ?" ಎಂದು ಮರುದಿನ ಸೂಜಮ್ಮ ಕೇಳಿದಳು.

"ಇಪ್ಪತ್ಮೂರು ಜನ ಬೆಳಿಗ್ಗೆ ಬಂದ್ರು, ಇಪ್ಪತ್ಮೂರು ಜನ ಮನೆಗೆ ಹೋದ್ರು," ಅಂದಳು ಮೂವತ್ತಕ್ಕ. "ಎಲ್ಲಿದೆ ತಪ್ಪು?"

ಹಾಗೆ ಹೇಳಿದಳು, ಆದರೆ ಆ ದಿನಗಳಲ್ಲಿ ಅವಳ ಮುಖ ಇಳಿದಿತ್ತು. ಸೀಟಿಯ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಅದೇ ಕೆಲಸ. ಇನ್ನೊಂದು ಸಲ ತಪ್ಪಿದರೆ ಕೆಲಸ ಹೋಗುತ್ತದೆ ಎನ್ನುವುದಕ್ಕಿಂತ, ಸೀಟಿ ಹೋದರೆ ಜನ ಮತ್ತೆ ತಂತಿಗೆ ಓಡುತ್ತಾರೆ ಎನ್ನುವುದೇ ಅವಳನ್ನು ಕೊರೆಯುತ್ತಿತ್ತು.

ಮೂರನೆಯ ಸಲ ಬಂದಿದ್ದು ಬಿಸಿಲಿನಲ್ಲಿ. ಬಯಲಿನ ಮೇಲೆ ಕಣ್ಣು ಕುಕ್ಕುವ ಬೆಳಕು. ಹನ್ನೆರಡು ಸಾಲಿನಲ್ಲಿಯೂ ಶೀಟುಗಳು, ಆಸ್ಪತ್ರೆಯ ಹೊಸ ವಾರ್ಡಿಗೆ ಸಂಜೆಯೊಳಗೆ ಹೋಗಬೇಕಾದವು. ನೀರಿನ ಟ್ಯಾಂಕಿನ ಹಿಂದೆ, ಬಹಳ ದೂರದಲ್ಲಿ, ಮೋಡವೊಂದು ಗೋಪುರದ ಹಾಗೆ ಎದ್ದು ನಿಂತಿತ್ತು. ತಲೆಯ ಮೇಲೆ ನೀಲಿ ಆಕಾಶ.

ಆ ಮೋಡದ ಹೊಟ್ಟೆಯಲ್ಲಿ ಮಿಂಚಿತು. ಸೂಜಮ್ಮನ ಸೂಜಿ ಹೊರಟಿತು. ಮೂವತ್ತೆಂಟು ಹೊಲಿಗೆ. ಮೂವತ್ತಕ್ಕ ಬಾಗಿಲಿಗೆ ಬಂದು ನಿಂತಳು.

ಎರಡನೆಯ ಸಾಲು ಇಪ್ಪತ್ತೇಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊರಗೆ ಬಿಸಿಲು. ಈಗ ಊದಿದರೆ ಇಡೀ ಲಾಂಡ್ರಿ ಕೈ ತಟ್ಟಿ ನಗುತ್ತದೆ.

"ಎಷ್ಟು ಅಂದ್ರಿ?" ಎಂದಳು ಮೂವತ್ತಕ್ಕ.

"ಇಪ್ಪತ್ತೇಳು."

"ಸರಿಯಾಗಿ?"

"ನನ್ನ ಹೊಲಿಗೆ ತಪ್ಪಿದ್ದು ನೋಡಿದ್ಯಾ ಯಾವತ್ತಾದ್ರೂ?"

ಸೀಟಿ ಊದಿತು.

"ಬಿಸಿಲಿಗೂ ಸೀಟಿ ಊದ್ತಾಳಪ್ಪಾ!" ಎಂದು ಇಸ್ತ್ರಿಯಣ್ಣ ಕೂಗಿದ. "ನಾಳೆಯಿಂದ ಬೆಳದಿಂಗಳಿಗೂ ಊದ್ತಾಳೆ!" ಆದರೂ ಪ್ಲಗ್ ಕಿತ್ತ. ಬೈಯುತ್ತಲೇ ಎಲ್ಲರೂ ಬಂದರು, ಬೈಯುತ್ತಲೇ ಕೂತರು. ಸೊಸೆ ಎಲ್ಲರಿಗಿಂತ ಕೊನೆಗೆ ಬಂದು, ಅತ್ತೆಯ ಕಡೆ ನೋಡದೆ ಬಾಗಿಲ ಹತ್ತಿರ ಕೂತಳು. ಮೂವತ್ತಕ್ಕ ತಲೆ ಎಣಿಸಿದಳು. ಇಪ್ಪತ್ತಮೂರು.

ಹತ್ತೊಂಬತ್ತು ಹೊಲಿಗೆ. ಮೋಡ ಟ್ಯಾಂಕನ್ನು ದಾಟಿತು. ಬಯಲಿನ ಆಚೆ ಅಂಚಿನ ಬಿಸಿಲು ಯಾರೋ ಮಡಿಸಿ ಎತ್ತಿಟ್ಟ ಹಾಗೆ ಮಾಯವಾಯಿತು.

ಅಷ್ಟರಲ್ಲಿ ಕಚೇರಿಯ ಬಾಗಿಲು ದಡ್ ಎಂದು ತೆರೆಯಿತು. ಯಜಮಾನರು ಹೊರಗೆ ಬಂದರು. ಹನ್ನೆರಡು ಸಾಲು ಶೀಟು, ಒಬ್ಬನೇ ಒಬ್ಬ ಆಳಿಲ್ಲ. ಯಾರನ್ನೂ ಬೈಯಲಿಲ್ಲ. ಅಂಗಿಯ ತೋಳು ಮಡಿಸಿಕೊಂಡು ತಾವೇ ಬಯಲಿಗೆ ಇಳಿದರು. ನಾಲ್ಕನೆಯ ಸಾಲಿಗೆ ಹೋಗಿ ಎರಡು ಕೈಯಲ್ಲೂ ಶೀಟು ಎಳೆಯತೊಡಗಿದರು.

"ಯಾರಾದ್ರೂ ಬನ್ರೀ!" ಎಂದು ಅಲ್ಲಿಂದ ಕೂಗಿದರು. "ಒಬ್ಬರಾದ್ರೂ ಬನ್ರೀ!"

ಸೊಸೆ ಎದ್ದಳು. ಅವಳ ತಪ್ಪಲ್ಲ, ಆ ಕೂಗಿಗೆ ಹತ್ತು ವರ್ಷ ಎದ್ದ ಕಾಲು ಅದು. ಹೊಸ್ತಿಲಿಗೆ ಒಂದು ಹೆಜ್ಜೆ ಇಟ್ಟಿದ್ದಳು. ಸೂಜಮ್ಮ ಬಲಗೈಯ ಸೂಜಿಯನ್ನು ಬಿಡದೆ, ಎಡಗೈ ಚಾಚಿ ಅವಳ ಮಣಿಕಟ್ಟನ್ನು ಹಿಡಿದಳು.

"ಅತ್ತೇ, ಬಿಡಿ! ಯಜಮಾನ್ರು ಕರೀತಿದಾರೆ!"

"ಕರೀಲಿ."

"ಕೆಲಸ ಹೋಗುತ್ತೆ!"

"ಹೋಗ್ಲಿ. ಕೂತ್ಕೋ."

ಇಷ್ಟು ವರ್ಷದಲ್ಲಿ ಅತ್ತೆ ಅವಳಿಗೆ ಗದರಿದ್ದೇ ಇರಲಿಲ್ಲ. ಸೊಸೆ ಕೂತಳು. ಮತ್ತೆ ಮಿಂಚಿತು. ಈ ಸಲ ಹೊಲಿಯಲು ಒಂದೇ ಕೈ. ಬಟ್ಟೆಯನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಸೂಜಮ್ಮ ಹೊಲಿದಳು. ಒಂಬತ್ತು.

"ಒಂಬತ್ತು!" ಅಂದಳು.

ಮೂವತ್ತಕ್ಕನ ಮುಖ ಬದಲಾಯಿತು. ಅವಳು ಬಯಲನ್ನು ನೋಡುತ್ತಿರಲಿಲ್ಲ, ಯಾವುದೋ ಮೈದಾನವನ್ನು ನೋಡುತ್ತಿದ್ದಳು. "ಇಪ್ಪತ್ತನಾಲ್ಕು," ಅಂದಳು ಮೆಲ್ಲಗೆ. "ಇಪ್ಪತ್ತನಾಲ್ಕನೆಯವನು ಹೊರಗಿದಾನೆ." ಬಾಗಿಲಿನ ಚೌಕಟ್ಟನ್ನು ಮುಟ್ಟದೆ, ಹೊಸ್ತಿಲಿನ ಒಳಗೇ ನಿಂತು ಸೀಟಿ ಊದಿದಳು. ಯಜಮಾನರು ತಿರುಗಿಯೂ ನೋಡಲಿಲ್ಲ. ಅವಳು ಸೀಟಿಯನ್ನು ಬಾಯಿಂದ ತೆಗೆದಳು. ಆಮೇಲೆ ಹೊರಟ ಕೂಗು, ಲಾಂಡ್ರಿಯಲ್ಲಿ ಅದುವರೆಗೆ ಯಾರೂ ಕೇಳಿರದ ಕೂಗು.

"ಏಯ್! ಬಿಡೋ ಅದನ್ನ! ಬಾರೋ ಒಳಗೆ! ಈಗ ಬರ್ತೀಯೋ, ಇಲ್ಲ ಕಿವಿ ಹಿಂಡಿ ಎಳ್ಕೊಂಡು ಬರ್ಲೋ? ಓಡು!"

ಒಳಗಿದ್ದ ಉಳಿದ ಇಪ್ಪತ್ತೆರಡು ಜನವೂ ತಟ್ಟನೆ ಅವಳತ್ತ ತಿರುಗಿದರು. ಆದರೆ ಕೂಗು ಹೋಗಿ ಮುಟ್ಟಿದ್ದು ಯಜಮಾನರನ್ನಲ್ಲ, ಅವರೊಳಗೆ ಎಲ್ಲೋ ಉಳಿದಿದ್ದ ಏಳು ವರ್ಷದ ಹುಡುಗನನ್ನು. ಅವರ ಕೈಗಳು ತಾವಾಗಿಯೇ ಶೀಟು ಬಿಟ್ಟವು. ಒಮ್ಮೆ ಇತ್ತ ನೋಡಿದರು, ತಲೆ ತಗ್ಗಿಸಿದರು, ಓಡಿದರು. ಒಂದು ಚಪ್ಪಲಿ ಮೂರನೆಯ ಸಾಲಿನ ಕೆಳಗೆ ಉಳಿಯಿತು. ಹೊಸ್ತಿಲು ದಾಟಿ, ಮುಗ್ಗರಿಸಿ, ಮಡಿಸಿಟ್ಟ ಶೀಟುಗಳ ರಾಶಿಯ ಮೇಲೆ ಬಿದ್ದರು.

ಬೆಳಕು ಬಂತು. ಸೂಜಮ್ಮನ ಸೂಜಿ ಬಟ್ಟೆಗೆ ಇಳಿಯಿತು. ಇಳಿದ ಸೂಜಿ ಮೇಲೆ ಬರುವಷ್ಟರಲ್ಲಿ ಜಗತ್ತೇ ಒಡೆದ ಹಾಗೆ ಸದ್ದಾಯಿತು. ಕಿಟಕಿಯ ಗಾಜು ನಡುಗಿತು, ಗಡಿಯಾರ ಮೊಳೆಯಿಂದ ಕಳಚಿ ಬಿತ್ತು.

ನಾಲ್ಕನೆಯ ಸಾಲಿನ ಕಂಬದ ಬುಡದಿಂದ ಹೊಗೆ ಏಳುತ್ತಿತ್ತು. ತಂತಿಯ ಉದ್ದಕ್ಕೂ ಕಿಡಿ ಓಡಿದ್ದನ್ನು ಬಾಗಿಲ ಹತ್ತಿರ ಇದ್ದವರೆಲ್ಲ ನೋಡಿದರು. ಯಜಮಾನರು ಎಳೆದು ಅರ್ಧಕ್ಕೆ ಬಿಟ್ಟಿದ್ದ ಶೀಟು ಇನ್ನೂ ಅಲ್ಲೇ ತೂಗಾಡುತ್ತಿತ್ತು. ಆಮೇಲೆ ಮಳೆ ಬಂತು.

ಮೂವತ್ತಕ್ಕ ಬೆರಳು ಚಾಚಿ ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದಳು. ಕೊನೆಗೆ ಬೆರಳು ಯಜಮಾನರ ಮುಂದೆ ಬಂದು ನಿಂತಿತು. "ಇಪ್ಪತ್ತನಾಲ್ಕು," ಅಂದಳು. ಅಲ್ಲೇ ನೆಲದ ಮೇಲೆ ಕೂತಳು.

ಯಜಮಾನರು ಏದುಸಿರು ಬಿಡುತ್ತಾ ಎದ್ದು ಕೂತರು. "ನನಗೆ..." ಅಂದರು. "ನೀವು ನನಗೆ ಬಾರೋ ಅಂದ್ರಾ?"

"ಅಂದೆ."

"ಕಿವಿ ಹಿಂಡ್ತೀನಿ ಅಂದ್ರಾ?"

"ಅದೂ ಅಂದೆ."

ಅವರು ತಮ್ಮ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡರು, ಆಗ ತಾನೇ ಯಾರೋ ತಂದು ಜೋಡಿಸಿದ ಕೈಗಳ ಹಾಗೆ. "ನಮ್ಮಪ್ಪ ಹೋದ ಮೇಲೆ ನನ್ನನ್ನ ಯಾರೂ ಹಾಗೆ ಕರೆದಿರಲಿಲ್ಲ," ಅಂದರು. ನಗಲು ಹೋದರು, ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಮೊದಲು ನಕ್ಕಿದ್ದು ಇಸ್ತ್ರಿಯಣ್ಣ. ಆಮೇಲೆ ಎಲ್ಲರೂ. ಹೆದರಿಕೆ ಕಳೆದ ನಗು, ಹಿಡಿದರೆ ನಿಲ್ಲದ ನಗು. ಸೊಸೆ ನಗುತ್ತಾ ನಗುತ್ತಾ ಅತ್ತೆಯ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು. ಅವಳ ಮಣಿಕಟ್ಟಿನಲ್ಲಿ ಸೂಜಮ್ಮನ ನಾಲ್ಕು ಬೆರಳಿನ ಗುರುತು ಕೆಂಪಗೆ ಎದ್ದಿತ್ತು.

ಸ್ವಲ್ಪ ಹೊತ್ತಿನ ಮೇಲೆ ಮಳೆ ನಿಂತಿತು. ಯಜಮಾನರು ಕಂಬ ನೋಡಿಬರಲು ಎದ್ದರು.

"ಕೊನೇ ಗುಡುಗು ಕೇಳಿ ಇನ್ನೂ ಎಂಟು ನಿಮಿಷ ಆಗಿದೆ ಅಷ್ಟೆ," ಅಂದಳು ಮೂವತ್ತಕ್ಕ. "ಕೂತ್ಕೊಳ್ಳಿ ಯಜಮಾನ್ರೇ."

ಕೂತರು. ಆಸ್ಪತ್ರೆಯ ವ್ಯಾನು ಬಂದು ಹಾರ್ನ್ ಹೊಡೆಯಿತು. ಆ ಸದ್ದಿಗೆ ಮೊದಲ ಸಲ ಅವರು ಎದ್ದೇಳಲಿಲ್ಲ. ಕಿಟಕಿಯಿಂದಲೇ ಚಾಲಕನಿಗೆ, "ಬಾಗಿಲು, ಗಾಜು ಹಾಕ್ಕೊಂಡು ಗಾಡಿಯೊಳಗೇ ಕೂತಿರಪ್ಪಾ! ಇನ್ನೂ ಇಪ್ಪತ್ತೆರಡು ನಿಮಿಷ ಇದೆ!" ಎಂದು ಕೂಗಿದರು.

"ಬಿಸಿಲಲ್ಲಿ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಆಮೇಲೆ ಕೇಳಿದರು. ಸೂಜಮ್ಮ ಬಟ್ಟೆಯನ್ನು ಮುಂದೆ ಹರವಿದಳು. ಮೂವತ್ತೆಂಟು ಹೊಲಿಗೆಯ ಸಾಲು, ಅದರ ಕೆಳಗೆ ಇಪ್ಪತ್ತೇಳು, ಹತ್ತೊಂಬತ್ತು. ಒಂಬತ್ತರದು ಸ್ವಲ್ಪ ಸೊಟ್ಟ, ಒಂದೇ ಕೈಯಲ್ಲಿ ಹೊಲಿದದ್ದು. ಅದರ ಕೆಳಗೆ ಹೊಲಿಗೆಯೇ ಇಲ್ಲ. ಸೂಜಿ ಇಳಿದ ಒಂದು ತೂತು, ಅದರಲ್ಲಿ ಸೂಜಿ ಇನ್ನೂ ಹಾಗೆಯೇ ನಿಂತಿತ್ತು.

ಯಜಮಾನರು ಆ ತೂತಿನ ಮೇಲೆ ಬೆರಳಿಟ್ಟರು. "ಇದು ನಾನು," ಅಂದರು.

ಆ ಬಟ್ಟೆಯನ್ನು ಅವರು ಚೌಕಟ್ಟು ಹಾಕಿಸಿ, ಗಡಿಯಾರದ ಪಕ್ಕ ತೂಗುಹಾಕಿದರು. ತಗಡಿನ ಚಪ್ಪರವನ್ನು ಕೀಳಿಸಿದರು. ಹೊಸ ನಿಯಮ ಬಂತು: ಸೀಟಿ ಊದಿದ ಮೇಲೆ ಯಾರ ಕೈ ತಂತಿಯ ಮೇಲೆ ಕಂಡರೂ ಅವರಿಗೆ ಮರುದಿನ ಕೆಲಸವಿಲ್ಲ, ಯಜಮಾನರ ಕೈಯೂ ಸೇರಿ. ಆಸ್ಪತ್ರೆಯವರಿಗೆ ಮೊದಲೇ ಹೇಳಿ, ಮಳೆಗಾಲಕ್ಕೆಂದು ಎರಡು ದಿನದ ಶೀಟು ಹೆಚ್ಚಾಗಿ ಕಪಾಟಿನಲ್ಲಿ ಇರುವ ಹಾಗೆ ಮಾಡಿದರು. ಅಷ್ಟು ಸುಲಭದ ಉಪಾಯ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಮೂವತ್ತಕ್ಕನ ಎಣಿಕೆ ಅಂದಿನಿಂದ ಇಪ್ಪತ್ತನಾಲ್ಕೇ ಆಯಿತು. ಪಕ್ಕದ ಇಟ್ಟಿಗೆಯ ಅಂಗಳದವರು, ಆಟದ ಮೈದಾನದವರು ಬಂದು ನೋಡಿಹೋದರು, ತಮ್ಮಲ್ಲೂ ಸೀಟಿ ಇಟ್ಟುಕೊಂಡರು. ಮಳೆಗಾಲದ ಮಧ್ಯಾಹ್ನಗಳಲ್ಲಿ ಮೊದಲು ಲಾಂಡ್ರಿಯ ಸೀಟಿ, ಅದರ ಹಿಂದೆ ಇಟ್ಟಿಗೆಯವರದು, ಅದರ ಹಿಂದೆ ಮೈದಾನದ್ದು. ಇಸ್ತ್ರಿಯಣ್ಣ ಹೊಸಬರಿಗೆ ಗಂಭೀರವಾಗಿ ಹೇಳುತ್ತಿದ್ದ: "ರಬ್ಬರ್ ಚಪ್ಪಲಿ ನಂಬಬೇಡ್ರೋ. ನಾನು ಮೊದಲಿಂದ್ಲೂ ಹೇಳ್ತಾ ಬಂದಿದೀನಿ."

ನಾಲ್ಕನೆಯ ಸಾಲಿನ ಶೀಟುಗಳಲ್ಲಿ ಕ್ಲಿಪ್ಪು ಇದ್ದ ಕಡೆಯೆಲ್ಲ ಸುಟ್ಟು ತೂತಾಗಿತ್ತು. ಸೂಜಮ್ಮ ಅವನ್ನು ಎಸೆಯಲು ಬಿಡಲಿಲ್ಲ. ಒಂದೊಂದು ತೂತಿಗೂ ನಾಲ್ಕಾಣೆಯಗಲದ ದುಂಡು ತೇಪೆ ಹಾಕಿ ಆಸ್ಪತ್ರೆಗೆ ಕಳಿಸಿದಳು.

ಹನ್ನೊಂದು ಮಳೆಗಾಲ ಹಾಗೆ ಕಳೆಯಿತು. ಒಬ್ಬರಿಗೂ ಏನೂ ಆಗಲಿಲ್ಲ.

ಹನ್ನೆರಡನೆಯ ಮಳೆಗಾಲದಲ್ಲಿ ಮೂವತ್ತಕ್ಕನಿಗೆ ಉಸಿರಿನ ತೊಂದರೆ ಹೆಚ್ಚಿ, ಅದೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಸೀಟಿ ಆಗ ಸೊಸೆಯ ಕೊರಳಲ್ಲಿತ್ತು. ಒಂದು ಮಧ್ಯಾಹ್ನ ಸೂಜಮ್ಮ ನೋಡಲು ಹೊರಟಾಗ ಯಜಮಾನರೇ ತಮ್ಮ ಗಾಡಿಯಲ್ಲಿ ಕರೆತಂದರು. ಅವಳನ್ನು ಬಾಗಿಲಲ್ಲಿ ಇಳಿಸಿ, ಗಾಡಿ ನಿಲ್ಲಿಸಿ ಬರುತ್ತೇನೆಂದು ಅಂಗಳದ ಆಚೆಗೆ ಹೋದರು.

ಮೂವತ್ತಕ್ಕ ಬಹಳ ಸೊರಗಿದ್ದಳು. ಯಜಮಾನರೂ ಬಂದಿದ್ದಾರೆ, ಗಾಡಿ ನಿಲ್ಲಿಸಿ ಬರುತ್ತಾರೆ ಎಂದು ಸೂಜಮ್ಮ ಹೇಳಿದಳು. ಸೂಜಮ್ಮ ಮಂಚದ ಅಂಚಿನಲ್ಲಿ ಕೂ‍ತಾಗ ಮೂವತ್ತಕ್ಕ ತನ್ನ ಕೆಳಗೆ ಹಾಸಿದ್ದ ಶೀಟನ್ನು ಬೆರಳಿನಿಂದ ತೋರಿಸಿದಳು. ಅಂಚಿನಲ್ಲಿ ಏಳು ದುಂಡು ತೇಪೆ. ನಾಲ್ಕನೆಯ ಸಾಲಿನ ಶೀಟು. ಹನ್ನೊಂದು ವರ್ಷ ಒಗೆದರೂ ಒಂದು ಹೊಲಿಗೆ ಬಿಚ್ಚಿರಲಿಲ್ಲ. ಇಬ್ಬರೂ ಅದನ್ನು ನೋಡಿ, ಕದ್ದ ಮಾವಿನಕಾಯಿ ಹಂಚಿಕೊಂಡ ಹುಡುಗಿಯರ ಹಾಗೆ ನಕ್ಕರು.

ಕಿಟಕಿಯ ಹೊರಗೆ ಮಿಂಚಿತು. ಸೂಜಮ್ಮನ ಕೈಯಲ್ಲಿ ಸೂಜಿ ಇರಲಿಲ್ಲ, ಆದರೂ ಹೆಬ್ಬೆರಳು ತೋರುಬೆರಳು ತಾವೇ ಹೊಲಿಗೆ ಹಾಕಿದವು. ಮೂವತ್ತಕ್ಕ ಆ ಬೆರಳುಗಳನ್ನೇ ನೋಡುತ್ತಿದ್ದಳು.

"ಹದಿನಾರು," ಅಂದಳು ಸೂಜಮ್ಮ. "ನಮ್ಮೋರೆಲ್ಲ ಇಷ್ಟೊತ್ತಿಗೆ ಒಳಗೆ ಬಂದಿರ್ತಾರೆ ಅಕ್ಕಾ. ಸೊಸೆ ಊದಿರ್ತಾಳೆ. ನೀನು ಯೋಚನೆ ಮಾಡಬೇಡ."

ಮೂವತ್ತಕ್ಕ ಕಣ್ಣು ಮುಚ್ಚಿ ಬೆರಳು ಮಡಿಸುತ್ತಾ ಹೋದಳು. ಎಣಿಕೆ ಇಪ್ಪತ್ತಮೂರಕ್ಕೆ ನಿಂತಿತು. ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು, ಕಿಟಕಿಯಾಚೆಯ ಅಂಗಳದ ಕಡೆ ನೋಡಿದಳು. ತಲೆದಿಂಬಿನಿಂದ ಅರ್ಧ ಎದ್ದು, ಆ ಹಳೆಯ ಶಾಲೆಯ ದನಿಯಲ್ಲಿ ಸೂಜಮ್ಮನನ್ನು ಕೇಳಿದಳು. ಅವಳು ಕೇಳಿದ ಕೊನೆಯ ಮಾತು ಅದೇ.

"ಅವನು ಎಲ್ಲಿ? ಒಳಗೆ ಬಂದನಾ ಅವನು?"